ಸೌತೆಕಾಯಿ ಮಾರುವವನಿಗೂ ಒಂದು ಕವಿತೆ ಬೇಕು

(ಯುವ ರಂಗಾಸಕ್ತರು ಮತ್ತು ಅವರ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಮನೆಗಳಲ್ಲಿ 'ನಾಟಕ' ಎಂಬ ಪದ ಹೆಚ್ಚಾಗಿ ಕೇಳಿಬರುವುದು ಬೈಗುಳವಾಗಿಯೇ. ಶಾಲೆ ತಪ್ಪಿಸಲು ಹೊಟ್ಟೆನೋವೆಂದು ನರಳುವ ಮಗನಿಗೆ ತಾಯಿ, 'ನಾಟಕ ಸಾಕು, ಏಳು' ಎನ್ನುತ್ತಾಳೆ. ಚುನಾವಣೆಯ ಹೊತ್ತಿಗೆ ನಾಯಕರೊಬ್ಬರು ಕಣ್ಣೀರು ಸುರಿಸಿದರೆ ಪತ್ರಿಕೆಯವರಾದ ನಾವು 'ಹೊಸ ನಾಟಕ' ಎಂದು ತಲೆಬರಹ ಕೊಡುತ್ತೇವೆ. ನಾಟಕವೆಂದರೆ ಸುಳ್ಳು, ಸೋಗು, ಕಣ್ಕಟ್ಟು ಎಂಬ ಭಾವನೆ ನಮ್ಮ ಭಾಷೆಯೊಳಗೇ ಬೇರು ಬಿಟ್ಟಿದೆ. ಹೀಗಿರುವಾಗ, ಸುಳ್ಳು ಹೇಳಲು ಒಪ್ಪದೆ ಪ್ರಾಣ ಬಿಟ್ಟ ಕಳ್ಳನೊಬ್ಬನ ಕತೆಯನ್ನು ಮೂರು ದಶಕಗಳ ಕಾಲ ಊರೂರಿಗೆ ಹೊತ್ತು ತಿರುಗಿದ ರಂಗಕರ್ಮಿಯ ಕುರಿತು ಈ ಸಭೆಯಲ್ಲಿ ಮಾತನಾಡುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಅವರು ಹಬೀಬ್ ತನ್ವೀರ್.

1923ರ ಸೆಪ್ಟೆಂಬರ್ 1ರಂದು ರಾಯಪುರದಲ್ಲಿ ಹುಟ್ಟಿದ ಹಬೀಬ್ ಅಹ್ಮದ್ ಖಾನ್, ಕವಿತೆ ಬರೆಯತೊಡಗಿದಾಗ ಇಟ್ಟುಕೊಂಡ ಕಾವ್ಯನಾಮ 'ತನ್ವೀರ್'. ಹೆಸರಿನ ಅರ್ಥ ಬೆಳಕು ನೀಡುವುದು ಎಂದು. ತಂದೆ ಪೇಶಾವರ ಮೂಲದವರು. ನಾಗಪುರದಲ್ಲಿ ಪದವಿ, ಅಲಿಗಢದಲ್ಲಿ ಸ್ವಲ್ಪ ಕಾಲ ಸ್ನಾತಕೋತ್ತರ ವ್ಯಾಸಂಗ, 1945ರಲ್ಲಿ ಮುಂಬಯಿ, ಅಲ್ಲಿ ಆಕಾಶವಾಣಿ, ಪತ್ರಿಕೆ, ಸಿನಿಮಾ ಮತ್ತು ಭಾರತೀಯ ಜನನಾಟ್ಯ ಸಂಘ ಅಂದರೆ ಇಪ್ಟಾ. 2009ರ ಜೂನ್ 8ರಂದು ಭೋಪಾಲ್‌ನಲ್ಲಿ ನಿಧನ. ನಡುವೆ ಪದ್ಮಶ್ರೀ, ಪದ್ಮಭೂಷಣ, ರಾಜ್ಯಸಭಾ ಸದಸ್ಯತ್ವ ಎಲ್ಲವೂ ಬಂದವು. ಆ ಪಟ್ಟಿ ನಮ್ಮ ಇಂದಿನ ವಿಷಯವಲ್ಲ. ಸಮಾಜವನ್ನು ಬದಲಿಸಬೇಕೆಂದು ಹೊರಟ ಕಲಾವಿದನೊಬ್ಬ ಆ ಸಮಾಜದ ಮುಂದೆ ಹೇಗೆ ನಿಲ್ಲಬೇಕು ಎಂಬುದು ವಿಷಯ. ಸುಧಾರಣೆಯ ಮಾತನಾಡುವ ನಮ್ಮೆಲ್ಲರಿಗೂ, ಮಿಂಬರ್ ಮೇಲೆ ನಿಲ್ಲುವವರಿಗೂ, ಪತ್ರಿಕೆಯಲ್ಲಿ ಬರೆಯುವವರಿಗೂ ಈ ಪ್ರಶ್ನೆ ಸಂಬಂಧಿಸಿದೆ.

1954ರಲ್ಲಿ ಹಬೀಬ್ ದಿಲ್ಲಿಗೆ ಬಂದರು. ಆಗ್ರಾದ ಜನಕವಿ ನಝೀರ್ ಅಕ್ಬರಾಬಾದಿಯವರ ಕುರಿತು ಒಂದು ರೂಪಕ ಬೇಕೆಂಬ ಕೋರಿಕೆ ಜಾಮಿಅ ಮಿಲ್ಲಿಯದಿಂದ ಬಂತು. ನಝೀರರು ಹದಿನೆಂಟನೆಯ ಮತ್ತು ಹತ್ತೊಂಬತ್ತನೆಯ ಶತಮಾನಗಳ ಸಂಧಿಯಲ್ಲಿ ಬದುಕಿದ ಕವಿ. ರೊಟ್ಟಿ, ಹೋಳಿ, ಈದ್, ಈಜು, ಕರಡಿ ಮರಿ ಹೀಗೆ ಬೀದಿಯಲ್ಲಿ ಕಂಡದ್ದನ್ನೆಲ್ಲ ಬರೆದವರು. ಅಂದಿನ ಪಂಡಿತವರ್ಗ ಅವರನ್ನು ಕವಿಯೆಂದು ಲೆಕ್ಕಿಸಲೇ ಇಲ್ಲ. ಅವರ ಜೀವನದ ಬಗ್ಗೆ ಖಚಿತವಾಗಿ ತಿಳಿದದ್ದು ಅತ್ಯಲ್ಪ. ಜೀವನಚರಿತ್ರೆಯೇ ಇಲ್ಲದ ಕವಿಯ ಮೇಲೆ ನಾಟಕ ಬರೆಯುವುದು ಹೇಗೆ?

ಹಬೀಬ್ ಕಂಡುಕೊಂಡ ಉತ್ತರ ಅದ್ಭುತವಾಗಿದೆ. 'ಆಗ್ರಾ ಬಾಝಾರ್' ನಾಟಕದಲ್ಲಿ ಕವಿ ರಂಗದ ಮೇಲೆ ಬರುವುದೇ ಇಲ್ಲ. ಬರುವುದು ಮಾರುಕಟ್ಟೆ. ವ್ಯಾಪಾರ ಬಿದ್ದುಹೋಗಿದೆ. ಸೌತೆಕಾಯಿ ಮಾರುವವನೊಬ್ಬನಿಗೆ ತನ್ನ ಸರಕಿನ ಮೇಲೆ ಒಂದು ಕವಿತೆ ಇದ್ದರೆ ಹಾಡಿಕೊಂಡು ಮಾರಬಹುದಲ್ಲ ಎಂದು ತೋಚುತ್ತದೆ. ಪುಸ್ತಕದಂಗಡಿಯಲ್ಲಿ ಕುಳಿತ ಸಾಹಿತಿಗಳ ಬಳಿ ಹೋದರೆ, ಸೌತೆಕಾಯಿಯ ಮೇಲೆ ಕಾವ್ಯವೇ ಎಂದು ಅವರು ಹುಬ್ಬೇರಿಸುತ್ತಾರೆ. ಎದುರಿನ ಗಾಳಿಪಟದಂಗಡಿಯಲ್ಲಾದರೋ ಜನ ನಝೀರರ ಪದ್ಯಗಳನ್ನು ಬಾಯಿಪಾಠ ಹೇಳಿಕೊಳ್ಳುತ್ತಿರುತ್ತಾರೆ. ಕೊನೆಗೆ ಈತ ನಝೀರರನ್ನು ಹುಡುಕಿ ಹೋಗುತ್ತಾನೆ. ಮರಳಿ ಬರುವಾಗ ಅವನ ಬಾಯಲ್ಲಿ ಸೌತೆಕಾಯಿಯ ಹಾಡಿರುತ್ತದೆ, ಬುಟ್ಟಿ ಖಾಲಿಯಾಗತೊಡಗುತ್ತದೆ.

ಇದನ್ನು ಆಡಿದವರು ಯಾರು? ಜಾಮಿಅದ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಪಕ್ಕದ ಓಖ್ಲಾ ಹಳ್ಳಿಯ ನಿವಾಸಿಗಳು. ಮಾರುಕಟ್ಟೆಯ ಜನರನ್ನು ಅನುಕರಿಸುವ ನಟರ ಜೊತೆಗೆ, ಅಂಥ ಬದುಕನ್ನೇ ಬದುಕುವವರು ರಂಗಕ್ಕೆ ಬಂದರು. ಇಂದು ಕೇಳಲು ಇದು ಸಣ್ಣ ವಿಷಯವೆನಿಸಬಹುದು. ಆದರೆ ಅಲ್ಲಿಯವರೆಗೆ 'ಜನರಿಗಾಗಿ ಕಲೆ' ಎಂದು ಘೋಷಿಸಿದವರ ಪೈಕಿ ಎಷ್ಟು ಮಂದಿ ಆ ಜನರನ್ನು ಪ್ರೇಕ್ಷಕರ ಸಾಲಿನಿಂದ ಎಬ್ಬಿಸಿ ರಂಗದ ಮೇಲೆ ಕರೆತಂದಿದ್ದರು?

ಆದರೂ ಹಬೀಬರ ನಿಜವಾದ ಕಲಿಕೆ ಆಗಿನ್ನೂ ಆರಂಭವಾಗಿರಲಿಲ್ಲ. 1955ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಪ್ರತಿಷ್ಠಿತ ನಾಟಕ ಅಕಾಡೆಮಿಯಲ್ಲಿ ಅಭಿನಯ, ಬ್ರಿಸ್ಟಲ್‌ನಲ್ಲಿ ನಿರ್ದೇಶನ ಕಲಿತರು. ಯುರೋಪ್ ಸುತ್ತಿ, ಬರ್ಲಿನ್ನಿನಲ್ಲಿ ಬ್ರೆಕ್ಟ್‌ರ ತಂಡದ ನಾಟಕಗಳನ್ನು ನೋಡಿದರು. 1958ರಲ್ಲಿ ಮರಳಿ ಬಂದು ಶೂದ್ರಕನ 'ಮೃಚ್ಛಕಟಿಕ'ವನ್ನು 'ಮಿಟ್ಟಿ ಕೀ ಗಾಡಿ' ಎಂಬ ಹೆಸರಿನಲ್ಲಿ ಕೈಗೆತ್ತಿಕೊಂಡಾಗ, ತಮ್ಮ ಹುಟ್ಟೂರಿನ ಕಡೆಯಿಂದ ಆರು ಮಂದಿ ನಾಚಾ ಕಲಾವಿದರನ್ನು ದಿಲ್ಲಿಗೆ ಕರೆಸಿಕೊಂಡರು. ನಾಚಾ ಛತ್ತೀಸ್‌ಗಢದ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ಹಾಡು, ಕುಣಿತ, ನಗೆಯಾಟ. ನಮ್ಮ ಉತ್ತರ ಕರ್ನಾಟಕದ ಸಣ್ಣಾಟ, ಕರಾವಳಿಯ ಬಯಲಾಟ ಬಲ್ಲವರಿಗೆ ಅದರ ರುಚಿ ಊಹಿಸುವುದು ಕಷ್ಟವಾಗದು. ಕಲಾವಿದರು ಬಹುತೇಕ ಬಡವರು, ಕೆಳಜಾತಿಗಳವರು. ಹಗಲು ಹೊಲದಲ್ಲಿ ದುಡಿಮೆ, ರಾತ್ರಿ ಆಟ. ಮರುವರ್ಷ, 1959ರಲ್ಲಿ, ಹಬೀಬ್ ಮತ್ತು ಮುಂದೆ ಅವರ ಪತ್ನಿಯಾದ ಮೋನಿಕಾ ಮಿಶ್ರಾ ಸೇರಿ 'ನಯಾ ಥಿಯೇಟರ್' ಕಟ್ಟಿದರು.

ಇಲ್ಲೊಂದು ಸೋಜಿಗ ಎದುರಾಯಿತು. ತಮ್ಮ ಹಳ್ಳಿಯ ಬಯಲಿನಲ್ಲಿ ಸಾವಿರಾರು ಜನರನ್ನು ಬೆಳಗಿನವರೆಗೆ ಹಿಡಿದಿಡುತ್ತಿದ್ದ ಅದೇ ಕಲಾವಿದರು ದಿಲ್ಲಿಯ ರಂಗದ ಮೇಲೆ ಮರಗಟ್ಟಿದಂತೆ ನಿಲ್ಲುತ್ತಿದ್ದರು. ಮಾತು ತೊದಲುತ್ತಿತ್ತು, ಹೆಜ್ಜೆ ತಪ್ಪುತ್ತಿತ್ತು. ಸಾಮಾನ್ಯ ನಿರ್ದೇಶಕನಾಗಿದ್ದರೆ 'ಇವರು ಅನಕ್ಷರಸ್ಥರು, ಇವರಿಂದ ಇಷ್ಟೇ' ಎಂದು ಕೈಬಿಡುತ್ತಿದ್ದ. ಹಬೀಬ್ ಬಿಡಲಿಲ್ಲ. ಕಾರಣ ಹುಡುಕಲು ಅವರಿಗೆ ವರ್ಷಗಳೇ ಹಿಡಿದವು ಎಂಬುದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಕಾರಣಗಳು ಎರಡು. ಒಂದು, ಅವರಿಂದ ಹಿಂದಿ ಆಡಿಸುತ್ತಿದ್ದರು. ಅವರ ಮನೆಮಾತು ಛತ್ತೀಸ್‌ಗಢಿ. ಎರಡು, ಇಂಥ ಮಾತಿಗೆ ಎಡಕ್ಕೆ ಎರಡು ಹೆಜ್ಜೆ, ಇಂಥ ಮಾತಿಗೆ ಬಲಕ್ಕೆ ತಿರುಗು ಎಂಬ ಲಂಡನ್ ವಿದ್ಯೆಯನ್ನು ಅವರ ಮೇಲೆ ಹೇರುತ್ತಿದ್ದರು. ನಾಲ್ಕೂ ದಿಕ್ಕಿಗೆ ಕುಳಿತ ಜನರ ನಡುವೆ, ಎಲ್ಲಿಂದ ನಗು ಬಂತೋ ಅತ್ತ ತಿರುಗಿ ಆಡುವ ನಟನಿಗೆ ಸುಣ್ಣದ ಗೆರೆ ಎಳೆದು ಇದರ ಮೇಲೆ ನಡೆ ಎಂದರೆ ಏನಾದೀತು?

ತಪ್ಪು ನಟನದಲ್ಲ, ತನ್ನ ವಿಧಾನದ್ದು ಎಂದು ಮನವರಿಕೆಯಾದಾಗ ಹಬೀಬ್ ವಿಧಾನವನ್ನೇ ಬಿಟ್ಟರು. ಅವರವರ ನುಡಿಯಲ್ಲೇ ಮಾತನಾಡಲು ಬಿಟ್ಟರು. ಸನ್ನಿವೇಶ ವಿವರಿಸಿ, ಅವರೇ ಮಾತು ಹುಟ್ಟಿಸಲಿ ಎಂದು ಕಾದರು. 1973ರಲ್ಲಿ ರಾಯಪುರದಲ್ಲಿ ನಾಚಾ ಕಲಾವಿದರ ದೀರ್ಘ ಶಿಬಿರ ನಡೆಸಿ, ಅವರ ಹಳೆಯ ನಗೆಯಾಟಗಳನ್ನು ಜೋಡಿಸಿ ಹೊಸ ನಾಟಕ ಕಟ್ಟಿದರು. 1958ರಿಂದ 1973ರವರೆಗೆ ಹದಿನೈದು ವರ್ಷ! ಒಂದು ಸಮುದಾಯದ ಜೊತೆ ಮಾತನಾಡುವುದು ಹೇಗೆಂದು ಕಲಿಯಲು, ಆ ಸಮುದಾಯದ ನಡುವೆಯೇ ಬೆಳೆದ ಪ್ರತಿಭಾವಂತನಿಗೆ ಇಷ್ಟು ಕಾಲ ಬೇಕಾಯಿತು. ಎರಡು ಭಾಷಣ, ಒಂದು ಕರಪತ್ರ ಮುಗಿಸಿ 'ಜನ ಬದಲಾಗುತ್ತಿಲ್ಲ' ಎಂದು ನಿಟ್ಟುಸಿರು ಬಿಡುವ ನಾವು ಈ ಲೆಕ್ಕವನ್ನು ನೆನಪಿಡುವುದೊಳಿತು.

ಕನ್ನಡ ರಂಗಭೂಮಿಯಲ್ಲಿ ಅಭ್ಯಾಸಕ್ಕೆ 'ತಾಲೀಮು' ಎನ್ನುತ್ತಾರೆ. ಅರಬಿಯಲ್ಲಿ ತಅಲೀಮ್ ಎಂದರೆ ಶಿಕ್ಷಣ. ಮದ್ರಸದಲ್ಲಿ ಓದಿ ಬಂದ ನಮ್ಮಂಥವರಿಗೆ ಈ ಪದ ರಂಗಮಂದಿರದಲ್ಲಿ ಕೇಳಿದಾಗ ಒಂದು ಬಗೆಯ ಬೆರಗು. ಹಬೀಬರ ತಾಲೀಮಿನಲ್ಲಿ ಉಸ್ತಾದ್ ಯಾರು, ಶಾಗಿರ್ದ್ ಯಾರು ಎಂಬುದೇ ಅದಲುಬದಲಾಗಿತ್ತು.

ಆ ತಾಲೀಮಿನ ದೊಡ್ಡ ಫಲ 1975ರ 'ಚರಣದಾಸ್ ಚೋರ್'. ಮೂಲ ರಾಜಸ್ಥಾನದ ಜನಪದ ಕತೆ, ಲೇಖಕ ವಿಜಯದಾನ್ ದೇಥಾ ಅವರಿಂದ ಹಬೀಬರಿಗೆ ದೊರೆತದ್ದು. ಕಳ್ಳ ಚರಣದಾಸ ಗುರುವೊಬ್ಬನ ಮುಂದೆ ತಮಾಷೆಗೆಂಬಂತೆ ನಾಲ್ಕು ಆಣೆ ಇಡುತ್ತಾನೆ. ಚಿನ್ನದ ತಟ್ಟೆಯಲ್ಲಿ ಉಣ್ಣೆ, ಆನೆಯ ಮೇಲೆ ಮೆರವಣಿಗೆ ಹೋಗೆ, ರಾಣಿಯನ್ನು ಮದುವೆಯಾಗೆ, ರಾಜ್ಯ ಕೊಟ್ಟರೂ ಒಲ್ಲೆ. ಕಳ್ಳನಿಗೆ ಇವೆಲ್ಲ ಎಲ್ಲಿಂದ ಸಿಗಬೇಕು? ಗುರು ಐದನೆಯದೊಂದನ್ನು ಸೇರಿಸುತ್ತಾನೆ, ಸುಳ್ಳು ಹೇಳಕೂಡದು. ನಾಟಕ ಮುಂದುವರಿದಂತೆ ಅಸಾಧ್ಯವೆಂದುಕೊಂಡ ಒಂದೊಂದೂ ಅವನ ಮುಂದೆ ಬಂದು ನಿಲ್ಲುತ್ತದೆ. ರಾಣಿಯೇ ಮದುವೆಯ ಪ್ರಸ್ತಾಪ ಇಡುತ್ತಾಳೆ. ಅವನು ನಿರಾಕರಿಸುತ್ತಾನೆ. ನಿರಾಕರಿಸಿದ್ದನ್ನು ಯಾರಿಗೂ ಹೇಳಬೇಡ ಎಂದರೆ ಅದಕ್ಕೂ ಒಪ್ಪಲಾರ, ಕೇಳಿದವರಿಗೆ ಸುಳ್ಳು ಹೇಳಬೇಕಾಗುತ್ತದಲ್ಲ! ಅವನನ್ನು ಕೊಲ್ಲಲಾಗುತ್ತದೆ. ಅರಮನೆಯಲ್ಲಿ, ಮಠದಲ್ಲಿ, ಸಾಹುಕಾರನ ಮನೆಯಲ್ಲಿ ಸುಳ್ಳನ್ನೇ ಉಸಿರಾಡುವವರೆಲ್ಲ ಗೌರವಾನ್ವಿತರು, ಸತ್ಯಕ್ಕೆ ಸತ್ತವನು ಮಾತ್ರ ಕಳ್ಳ. ನಾಟಕ ಇದನ್ನು ಉಪದೇಶವಾಗಿ ಎಲ್ಲಿಯೂ ಹೇಳುವುದಿಲ್ಲ. ಪ್ರೇಕ್ಷಕ ಒಂದೂವರೆ ಗಂಟೆ ನಕ್ಕು, ಕೊನೆಗೆ ಗಂಟಲು ಕಟ್ಟಿ ಏಳುತ್ತಾನೆ. ಛತ್ತೀಸ್‌ಗಢದಲ್ಲಿ ಸತ್ಯವನ್ನೇ ದೇವರೆಂದು ನಂಬುವ ಸತ್ನಾಮಿ ಪಂಥದ ದಲಿತ ಸಮುದಾಯವಿದೆ. ಅವರ ಹಾಡುಗಳ ಧಾಟಿ ಈ ನಾಟಕದ ಜೀವನಾಡಿ. 1982ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ, ಆ ಭಾಷೆಯ ಒಂದು ಪದವೂ ತಿಳಿಯದ ಜನರ ಮುಂದೆ ಆಡಿ ಇದು ಪ್ರಶಸ್ತಿ ಪಡೆಯಿತು. ವಿಪರ್ಯಾಸವೆಂದರೆ, ಹಬೀಬರು ತೀರಿಕೊಂಡ 2009ರಲ್ಲೇ ಸತ್ನಾಮಿಗಳ ಒಂದು ವರ್ಗದ ಆಕ್ಷೇಪದ ಮೇಲೆ ಛತ್ತೀಸ್‌ಗಢ ಸರಕಾರ ಆ ನಾಟಕದ ಪುಸ್ತಕದ ಮೇಲೆ ನಿರ್ಬಂಧ ಹೇರಿತು. ಸಮುದಾಯದ ಜೊತೆ ಬದುಕಿದ ಮಾತ್ರಕ್ಕೆ ಸಮುದಾಯ ಸದಾ ಒಪ್ಪುತ್ತದೆಂಬ ಭರವಸೆ ಯಾರಿಗೂ ಇಲ್ಲ.

ಈಗ ನಮ್ಮನ್ನು ಹೆಚ್ಚು ಕಾಡಬೇಕಾದ ವಿಷಯಕ್ಕೆ ಬರೋಣ.

ನಾಚಾ ಕಲಾವಿದರು 1930ರ ದಶಕದಿಂದ ಆಡುತ್ತ ಬಂದ ಒಂದು ನಗೆಯಾಟವಿದೆ, 'ಜಮಾದಾರಿನ್' ಅಥವಾ 'ಪೋಂಗಾ ಪಂಡಿತ್'. ಕಸ ಗುಡಿಸುವ ಮಹಿಳೆಯೊಬ್ಬಳನ್ನು ಮುಂದಿಟ್ಟುಕೊಂಡು ಪೂಜಾರಿಯ ಮಡಿಮೈಲಿಗೆಯನ್ನು ಗೇಲಿ ಮಾಡುವ ಆಟ. ಹಳ್ಳಿಗಳಲ್ಲಿ ಹಿಂದೂಗಳೇ ಆಡಿ, ಹಿಂದೂಗಳೇ ನೋಡಿ ನಕ್ಕದ್ದು. ಅಸ್ಪೃಶ್ಯತೆಯ ವಿರುದ್ಧ ಅದಕ್ಕಿಂತ ಹರಿತವಾದ ಆಯುಧ ಅವರ ಬಳಿ ಇರಲಿಲ್ಲ. ನಯಾ ಥಿಯೇಟರ್ ಅದನ್ನು ಹಲವು ವರ್ಷ ಆಡಿತು, ಯಾರೂ ತಕರಾರು ಮಾಡಲಿಲ್ಲ. 1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಉರುಳಿದ ಬಳಿಕ ಗಾಳಿ ಬದಲಾಯಿತು. ಆಟ ಅದೇ, ನಟರು ಅವರೇ. ಆದರೆ ನಿರ್ದೇಶಕನ ಹೆಸರು ಹಬೀಬ್ ಎಂಬುದು ಹಠಾತ್ತನೆ ಕೆಲವರ ಕಣ್ಣಿಗೆ ಬಿತ್ತು. 2003ರಲ್ಲಿ ಮಧ್ಯಪ್ರದೇಶದ ಪ್ರವಾಸದಲ್ಲಿ ಊರೂರಿನಲ್ಲಿ ಪ್ರತಿಭಟನೆ, ಪ್ರದರ್ಶನಕ್ಕೆ ಅಡ್ಡಿ, ದಾಂಧಲೆ. ಈ ನಾಟಕ ತಾನು ಬರೆದದ್ದಲ್ಲ, ಗ್ರಾಮೀಣ ಕಲಾವಿದರದ್ದು ಎಂದು ಅವರು ವಿವರಿಸಿದ್ದು ಕೇಳಿಸಿಕೊಳ್ಳಬೇಕಾದವರ ಕಿವಿಗೆ ಬೀಳಲಿಲ್ಲ. ಆಗ ಅವರ ವಯಸ್ಸು ಎಂಬತ್ತರ ಹೊಸ್ತಿಲಲ್ಲಿತ್ತು. ನಾಟಕ ನಿಲ್ಲಿಸಲಿಲ್ಲ.

ಇಷ್ಟು ಕೇಳಿ ನಾವು 'ನೋಡಿ, ನಮ್ಮವರ ಮೇಲೆ ದಾಳಿ' ಎಂದು ಮರುಗಿ ಸುಮ್ಮನಾಗಬಹುದು. ಆದರೆ ಅದೇ ಪ್ರವಾಸದಲ್ಲಿ ಹಬೀಬ್ ಇನ್ನೊಂದು ನಾಟಕವನ್ನೂ ಆಡುತ್ತಿದ್ದರು. ಅಸ್ಗರ್ ವಜಾಹತ್ ಬರೆದ, 1990ರಲ್ಲಿ ಹಬೀಬರು ದಿಲ್ಲಿಯಲ್ಲಿ ಮೊದಲು ನಿರ್ದೇಶಿಸಿದ 'ಜಿಸ್ ಲಾಹೋರ್ ನಈ ದೇಖ್ಯಾ'. ದೇಶ ವಿಭಜನೆಯಾಗಿದೆ. ಲಕ್ನೋದಿಂದ ಎಲ್ಲವನ್ನೂ ಕಳಕೊಂಡು ಲಾಹೋರಿಗೆ ಹೋದ ಮುಸ್ಲಿಮ್ ಕುಟುಂಬವೊಂದಕ್ಕೆ ಸರಕಾರ ಹಿಂದೂ ಜವಾಹರಿ ವರ್ತಕನ ಹವೇಲಿಯೊಂದನ್ನು ಮಂಜೂರು ಮಾಡುತ್ತದೆ. ಒಳಗೆ ಹೋದರೆ ಅಲ್ಲೊಬ್ಬ ಮುದುಕಿ. ವರ್ತಕನ ತಾಯಿ. ಮನೆ ಬಿಟ್ಟು ಹೋಗಲು ಒಪ್ಪಳು. ಮೊದಮೊದಲು ಕುಟುಂಬದವರಿಗೆ ಆಕೆ ತೊಡಕು. ಬರಬರುತ್ತ ಮನೆಯ ಅಜ್ಜಿಯಾಗುತ್ತಾಳೆ, ಮೊಹಲ್ಲಾದ ಅಜ್ಜಿಯಾಗುತ್ತಾಳೆ. ಆಕೆಯನ್ನು ಓಡಿಸಲು ನೋಡುವವರು ಧರ್ಮದ ಹೆಸರು ಹೇಳುವ ಬೀದಿಪುಂಡರು. ಅವರೆದುರು ಗಟ್ಟಿಯಾಗಿ ನಿಲ್ಲುವವರು ಮೊಹಲ್ಲಾದ ಮೌಲವಿ. ಮುದುಕಿ ತೀರಿಕೊಂಡಾಗ, ಆಕೆ ಹಿಂದೂವಾಗಿ ಬದುಕಿದವಳು, ಅಂತ್ಯಕ್ರಿಯೆ ಆಕೆಯ ಧರ್ಮದ ವಿಧಿಯಂತೆಯೇ ಆಗಬೇಕೆಂದು ಮೌಲವಿ ತೀರ್ಪು ಕೊಡುತ್ತಾರೆ. ಅದಕ್ಕಾಗಿ ಆ ಪುಂಡರು ಅವರನ್ನು ಮಸೀದಿಯೊಳಗೇ ಕೊಲ್ಲುತ್ತಾರೆ.

ಹಿಂದಿ ಸಿನಿಮಾ ತೋರಿಸುವ ಮೌಲವಿ ಎಂಥವನೆಂದು ನಿಮಗೆ ಗೊತ್ತು. ಒಂದೋ ತಾಯತ ಕಟ್ಟುವ ಮುಗ್ಧ, ಇಲ್ಲವೇ ಕಣ್ಣು ಕೆಂಪಾಗಿಸುವ ಉಗ್ರ. ಧರ್ಮವನ್ನು ಓದಿದ್ದರಿಂದಲೇ ನ್ಯಾಯದ ಪರ ನಿಂತು ಸಾಯುವ ಮೌಲವಿಯನ್ನು ರಂಗಕ್ಕೆ ತಂದವರು ಈ ನಾಟಕದವರು. ಅದೇ ನಾಟಕ ಮಸೀದಿಯೊಳಗೆ ಕೊಲೆ ಮಾಡುವ ಮುಸ್ಲಿಮನನ್ನೂ ತೋರಿಸಿತು. ಎರಡೂ ಸತ್ಯವೇ. ಮೊದಲನೆಯದಕ್ಕೆ ಚಪ್ಪಾಳೆ ತಟ್ಟುವ ನಾವು ಎರಡನೆಯದಕ್ಕೆ ಮುಖ ತಿರುಗಿಸಿದರೆ, 'ಪೋಂಗಾ ಪಂಡಿತ್' ಪ್ರದರ್ಶನದ ಮೇಲೆ ಕಲ್ಲು ತೂರಿದವರಿಗೂ ನಮಗೂ ಎಷ್ಟು ಅಂತರ ಉಳಿಯಿತು? ಒಂದೇ ಪ್ರವಾಸದಲ್ಲಿ ಈ ಎರಡೂ ನಾಟಕಗಳನ್ನು ಜೊತೆಗಿಟ್ಟುಕೊಂಡದ್ದರಲ್ಲಿ ಹಬೀಬರ ನ್ಯಾಯಪ್ರಜ್ಞೆ ಇದೆ.

ಹಬೀಬರಿಗಿಂತ ಮೂವತ್ತು ವರ್ಷ ಕಿರಿಯರಾದ ಸಫ್ದರ್ ಹಾಶ್ಮಿಯವರ ಹಾದಿ ಬೇರೆ. ಸಂತ ಸ್ಟೀಫನ್ಸ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಈ ಯುವಕ ಗೆಳೆಯರೊಂದಿಗೆ 1973ರಲ್ಲಿ 'ಜನ ನಾಟ್ಯ ಮಂಚ್' ಕಟ್ಟಿದರು. ಮೊದಲು ದೊಡ್ಡ ನಾಟಕಗಳನ್ನೇ ಆಡುತ್ತಿದ್ದರು. ತುರ್ತು ಪರಿಸ್ಥಿತಿ ಮುಗಿದಾಗ ಕಾರ್ಮಿಕ ಸಂಘಗಳ ಬಳಿ ಅಂಥ ನಾಟಕಕ್ಕೆ ಹಣವಿರಲಿಲ್ಲ. ದೊಡ್ಡದು ಆಗದಿದ್ದರೆ ಚಿಕ್ಕದು ಮಾಡೋಣ ಎಂದರು. 1978ರ 'ಮಶೀನ್' ಹುಟ್ಟಿದ್ದು ಹಾಗೆ. ಗಾಝಿಯಾಬಾದ್ ಬಳಿಯ ಕಾರ್ಖಾನೆಯೊಂದರಲ್ಲಿ ಕಾರ್ಮಿಕರು ಕೇಳಿದ್ದು ಸೈಕಲ್ ನಿಲ್ಲಿಸಲು ಜಾಗ ಮತ್ತು ಚಹಾ ಕಾಯಿಸಿಕೊಳ್ಳಲು ಕ್ಯಾಂಟೀನ್. ಸಿಕ್ಕಿದ್ದು ಗುಂಡೇಟು, ಆರು ಮಂದಿ ಸತ್ತರು. ನಾಟಕದಲ್ಲಿ ನಟರ ದೇಹಗಳೇ ಕೂಡಿ ಯಂತ್ರವಾಗುತ್ತವೆ, ಗಡಗಡ ಸದ್ದು ಮಾಡುತ್ತ ತಿರುಗುತ್ತವೆ, ಥಟ್ಟನೆ ನಿಲ್ಲುತ್ತವೆ. ವೇದಿಕೆ ಇಲ್ಲ, ಪರದೆ ಇಲ್ಲ, ಸುಮಾರು ಹದಿಮೂರು ನಿಮಿಷದ ಆಟ. 1988ರಲ್ಲಿ ಪ್ರೇಮಚಂದರ ಕತೆಯೊಂದನ್ನು ಸಫ್ದರ್ ನಾಟಕವಾಗಿಸಿ, ಹಬೀಬ್ ನಿರ್ದೇಶಿಸಿ, ಈ ಎರಡು ಹಾದಿಗಳು ಒಮ್ಮೆ ಕೂಡಿದ್ದವು.

ಕೆಲವೇ ತಿಂಗಳಲ್ಲಿ, 1989ರ ಜನವರಿ 1ರಂದು, ಸಾಹಿಬಾಬಾದ್‌ನ ಝಂಡಾಪುರದಲ್ಲಿ 'ಹಲ್ಲಾ ಬೋಲ್' ಬೀದಿ ನಾಟಕ ನಡೆಯುತ್ತಿದ್ದಾಗ ಪುರಸಭೆ ಚುನಾವಣೆಯ ಎದುರಾಳಿ ಗುಂಪು ಮೇಲೆರಗಿತು. ರಾಮ್ ಬಹಾದುರ್ ಎಂಬ ಕಾರ್ಮಿಕ ಕೊಲೆಯಾದರು. ತೀವ್ರ ಗಾಯಗೊಂಡ ಸಫ್ದರ್ ಮರುದಿನ ತೀರಿಕೊಂಡರು. ವಯಸ್ಸು ಮೂವತ್ತನಾಲ್ಕು. ಜನವರಿ 4ರಂದು ಅವರ ಪತ್ನಿ ಮೊಲೊಯಶ್ರೀ ತಂಡದೊಂದಿಗೆ ಅದೇ ಜಾಗಕ್ಕೆ ಮರಳಿ, ಅರ್ಧಕ್ಕೆ ನಿಂತ ಆಟವನ್ನು ಆಡಿ ಮುಗಿಸಿದರು. ಆರೋಪಿಗಳು ತಪ್ಪಿತಸ್ಥರೆಂಬ ತೀರ್ಪು ಬರಲು 2003ರವರೆಗೆ ಕಾಯಬೇಕಾಯಿತು.

ಈ ನಾಟಕಗಳಿಂದ ಸಮಾಜ ಬದಲಾಯಿತೇ ಎಂದು ಕೇಳುವವರಿದ್ದಾರೆ. ಪ್ರಾಮಾಣಿಕ ಉತ್ತರವೆಂದರೆ, ಅಳೆಯುವ ತಕ್ಕಡಿ ಯಾರ ಬಳಿಯೂ ಇಲ್ಲ. ಅಸ್ಪೃಶ್ಯತೆ ಅಳಿದಿಲ್ಲ, ಕೋಮುವಾದ ಹೆಚ್ಚಿದೆ. ಕಲಾವಿದರ ಸ್ಥಿತಿಯೂ ಸುಧಾರಿಸಿತೆನ್ನಲಾಗದು. ಹಬೀಬರ ನಟ ಗೋವಿಂದರಾಮ್ ನಿರ್ಮಲಕರ್ 2009ರಲ್ಲಿ ಪದ್ಮಶ್ರೀ ಪಡೆದರೂ ಕೊನೆಗಾಲದಲ್ಲಿ ಕಾಯಿಲೆ, ಬಡತನಗಳೊಡನೆ ಹೆಣಗಿದ್ದನ್ನು ಪತ್ರಿಕೆಗಳು ವರದಿ ಮಾಡಿದ್ದವು. ನಾಚಾವನ್ನು ದಿಲ್ಲಿಯ ಸಭಾಂಗಣಕ್ಕೆ ಒಯ್ದದ್ದರಿಂದ ಹಳ್ಳಿಗೆ ಏನು ದಕ್ಕಿತು ಎಂಬ ಟೀಕೆಯಲ್ಲೂ ಹುರುಳಿಲ್ಲದಿಲ್ಲ. ಆದರೆ ತನ್ನ ನುಡಿ ಒರಟು, ತನ್ನ ಆಟ ಕೀಳು ಎಂದು ನಂಬಿಸಲ್ಪಟ್ಟಿದ್ದ ಕೃಷಿಕೂಲಿಯೊಬ್ಬ ಅದೇ ನುಡಿಯಲ್ಲಿ ಶೂದ್ರಕನನ್ನೂ ಶೇಕ್ಸ್‌ಪಿಯರನನ್ನೂ ಆಡಿದ. ಇದು ನಡೆದ ಬದಲಾವಣೆ, ಅದಕ್ಕೆ ಪುರಾವೆ ಇದೆ.

ಕರ್ನಾಟಕಕ್ಕೆ ಇದೆಲ್ಲ ದೂರದ ಸಮಾಚಾರವೇನಲ್ಲ. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು 1980ರ ದಶಕದಲ್ಲಿ ಭೋಪಾಲ್‌ನ ಭಾರತ ಭವನದ ರಂಗಮಂಡಲವನ್ನು ನಡೆಸುವಾಗ ಅಲ್ಲಿನ ಆಡುನುಡಿಗಳನ್ನೇ ರಂಗಕ್ಕೆ ತಂದರು. 1975ರಲ್ಲಿ ಹುಟ್ಟಿದ 'ಸಮುದಾಯ' ತಂಡ ಬೀದಿ ನಾಟಕಗಳನ್ನು ಹೊತ್ತು ನಾಡು ಸುತ್ತಿತು. ಅದಕ್ಕೂ ಮೊದಲು, ಕಂಪೆನಿ ನಾಟಕಗಳ ಕಾಲದಲ್ಲಿ, ಮುಹಮ್ಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿ 'ಗೌತಮ ಬುದ್ಧ'ವನ್ನೂ 'ಸಂಸಾರ ನೌಕೆ'ಯನ್ನೂ ಆಡಿ ಕನ್ನಡಿಗರ ಮನ ಗೆದ್ದಿತ್ತು. ಬಿ.ಆರ್. ಪಂತುಲು ಬಣ್ಣ ಹಚ್ಚಿದ ಮಂಡಳಿಗಳಲ್ಲಿ ಅದೂ ಒಂದು. ನಮ್ಮ ಎಷ್ಟು ಮಕ್ಕಳಿಗೆ ಪೀರ್ ಅವರ ಹೆಸರು ಗೊತ್ತು?

ಪೋಷಕರಿಗೆ ಒಂದು ಮಾತು. ಮಕ್ಕಳು ನಾಟಕಕ್ಕೆ ಹೋದರೆ ಕೆಟ್ಟುಹೋದಾರೆಂಬ ನಿಮ್ಮ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಯಾವ ತಂಡ, ಯಾವ ನಾಟಕ, ತಾಲೀಮು ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳುವುದು ನಿಮ್ಮ ಹಕ್ಕು. ಆದರೆ ಅದೇ ಮಕ್ಕಳು ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡುವ, ನಮ್ಮನ್ನು ಖಳನಾಯಕರಾಗಿಸುವ ಸರಣಿಗಳ ಬಗ್ಗೆ ಯಾವತ್ತಾದರೂ ಇಷ್ಟು ವಿಚಾರಿಸಿದ್ದೀರಾ? ನಮ್ಮನ್ನು ತಪ್ಪಾಗಿ ಚಿತ್ರಿಸುತ್ತಾರೆಂದು ದೂರುವ ಮನವಿಪತ್ರಗಳು ನಮ್ಮ ಕಪಾಟಿನಲ್ಲಿ ರಾಶಿ ಬಿದ್ದಿವೆ. ನಾವೇ ಚಿತ್ರಿಸಿಕೊಂಡದ್ದು ಎಷ್ಟಿದೆ?

ಇನ್ನು ಯುವ ಮಿತ್ರರಿಗೆ. ನೀವು ಸಿದ್ಧಪಡಿಸುತ್ತಿರುವ ನಾಟಕದ ಪ್ರತಿಯನ್ನು ಓದಲು ಕೊಟ್ಟಿದ್ದೀರಿ. ವರದಕ್ಷಿಣೆಯ ಕುರಿತಾದದ್ದು, ಆಶಯ ಒಳ್ಳೆಯದು. ಆದರೆ ಅದರಲ್ಲಿ ಬೀಡಿ ಕಟ್ಟಿ ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿ, ಈ ಭಾಷಣದಂಥ ಪುಸ್ತಕದ ಕನ್ನಡದಲ್ಲಿ ಎರಡು ಪುಟ ಮಾತನಾಡುತ್ತಾಳೆ. ನಮ್ಮ ಮನೆಗಳಲ್ಲಿ ಬ್ಯಾರಿ ಇದೆ, ದಖನಿ ಇದೆ, ಭಟ್ಕಳದ ಕಡೆ ನವಾಯತಿ ಇದೆ. ಆ ತಾಯಿ ಇವುಗಳಲ್ಲಿ ಯಾವುದನ್ನು ಆಡುತ್ತಾಳೆ? ಮುಂದಿನ ಆದಿತ್ಯವಾರದ ತಾಲೀಮಿಗೆ ಮೊದಲು, ಬೀಡಿ ಬ್ರಾಂಚಿಗೆ ಕಟ್ಟು ಕೊಡಲು ಬರುವ ನಾಲ್ಕು ಮಂದಿ ತಾಯಂದಿರ ಮುಂದೆ ಆ ಎರಡು ಪುಟ ಓದಿ. ಅವರು ಎಲ್ಲಿ ನಗುತ್ತಾರೆ, ಎಲ್ಲಿ 'ಹೀಗೆ ಯಾರು ಹೇಳ್ತಾರೆ ಮಗಾ' ಎನ್ನುತ್ತಾರೆ ಎಂಬುದನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ. ಆ ಪ್ರತಿಯನ್ನು ನಮಗೆ ಮತ್ತೊಮ್ಮೆ ತೋರಿಸಿ.